ನೈಟ್ ಡ್ಯೂಟಿ ಡೈರಿ – 31: ಶ್ರುತಿ ಇಳಿಸಿದರೆ ಏನೀಗ?

ಮೂರು ವಾರ ಏನೂ ಬರೆಯಲಿಲ್ಲ ಅಂತ ದೊಡ್ಡಮ್ಮ ಎರಡು ಸಲ ಫೋನ್ ಮಾಡಿ, "ಹುಷಾರಿದೀಯೇನೇ?" ಅಂತ ಕೇಳಿದರು. ಹುಷಾರಿದೀನಿ ದೊಡ್ಡಮ್ಮ. ಇಲ್ಲಿ ಚಳಿಗಾಲ ಅಂದರೆ ವಾರ್ಡಿನಲ್ಲಿ ಒಂದು ಹಾಸಿಗೆಯೂ ಖಾಲಿ ಇರಲ್ಲ. ಸಾಲಾಗಿ ನಾಲ್ಕು ರಾತ್ರಿ ಮುಗಿಸಿ ಬಂದರೆ ಐದನೇ ದಿನ ಬರೀ ನಿದ್ದೆ.

ಇವತ್ತಿನದು ಉದ್ದ ಇದೆ, ಸ್ವಲ್ಪ ಜಗಳವೂ ಇದೆ. ಜಗಳ ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪಿನವರ ಜೊತೆ, ಅದಕ್ಕಿಂತ ಮೊದಲು ನನ್ನ ಜೊತೆಗೇ. ಅಲ್ಲಿಗೆ ಹೋಗುವ ಮುಂಚೆ ನಿಮ್ಮನ್ನು ಒಂದು ಪಬ್ಬಿಗೆ ಕರೆದುಕೊಂಡು ಹೋಗಬೇಕು. (ಅಪ್ಪ, ಗಾಬರಿ ಬೇಡ. ನಾನು ಕುಡಿದದ್ದು ಕಿತ್ತಳೆ ಜ್ಯೂಸು.)

ನಮ್ಮ ವಾರ್ಡಿನ ಪೋರ್ಟರ್ ಬಗ್ಗೆ ಹಿಂದೆ ಒಮ್ಮೆ ಬರೆದಿದ್ದೆ, ನೆನಪಿರಬಹುದು. ರೋಗಿಗಳನ್ನು ಟ್ರಾಲಿಯಲ್ಲಿ ಎಕ್ಸ್‌ರೇಗೆ, ಸ್ಕ್ಯಾನಿಗೆ ಕರೆದುಕೊಂಡು ಹೋಗುವವರು. ವಯಸ್ಸು 54. ರಾತ್ರಿ ಮೂರು ಗಂಟೆಗೂ ಮೆಲ್ಲಗೆ ಸಿಳ್ಳೆ ಹಾಕಿಕೊಂಡೇ ಬರುವ ಮನುಷ್ಯ. ನಾನು ಬಂದ ಹೊಸದರಲ್ಲಿ ಇಲ್ಲಿಯವರ ಇಂಗ್ಲಿಷ್ ಅರ್ಥವಾಗದೆ ಕಣ್ಣು ಕಣ್ಣು ಬಿಡುತ್ತಿದ್ದಾಗ, ಡಾಕ್ಟರು ಹೇಳಿದ್ದನ್ನು ಲಿಫ್ಟಿನಲ್ಲಿ ನಿಧಾನವಾಗಿ ಇನ್ನೊಮ್ಮೆ ಹೇಳಿ ಕಾಪಾಡಿದವರು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯೋದು. ನಾನು ಬಾಯಲ್ಲಿ ಹೆಸರು ಹೇಳಿದರೂ ಮನಸ್ಸಿನಲ್ಲಿ ಅವರು ಅಣ್ಣನೇ. ಇಲ್ಲೂ ಅಣ್ಣ ಅಂತಲೇ ಬರೀತೀನಿ, ಹೆಸರು ಬೇಡ.

ಕಳೆದ ನವೆಂಬರಿನಲ್ಲಿ ಅಣ್ಣನಿಗೆ ಒಂದು ಹುಚ್ಚು ಹಿಡಿಯಿತು. ಹುಚ್ಚಿನ ಹೆಸರು ರೇಡಿಯೋಹೆಡ್. ಊರಿನವರಿಗೆ ಸ್ವಲ್ಪ ವಿವರಿಸಬೇಕು. ನನಗೆ ಬ್ಯಾಂಡ್ ಅಂದರೆ ಇಲ್ಲಿಗೆ ಬರುವ ತನಕ ಮದುವೆ ಮೆರವಣಿಗೆಯ ಕೆಂಪು ಕೋಟಿನ ಬ್ಯಾಂಡ್‌ಸೆಟ್ಟೇ. ಇದು ಬೇರೆ, ರಾಕ್ ಬ್ಯಾಂಡ್. 1985ರಲ್ಲಿ ಅಬಿಂಗ್ಡನ್ ಅನ್ನುವ ಊರಿನ ಶಾಲೆಯಲ್ಲಿ ಐದು ಹುಡುಗರು ಸೇರಿ ಶುರು ಮಾಡಿದ್ದು. ಆ ಊರು ನಾನಿರುವ ಆಕ್ಸ್‌ಫರ್ಡ್‌ನಿಂದ ಹತ್ತು ಕಿಲೋಮೀಟರ್, ನಮ್ಮ ಕ್ಲಿನಿಕ್ಕಿಗೆ ದಿನಾ ಅಲ್ಲಿಂದ ರೋಗಿಗಳು ಬರುತ್ತಾರೆ. ಐವರಲ್ಲಿ ಇಬ್ಬರು ಅಣ್ಣ ತಮ್ಮ. ಶುಕ್ರವಾರ ಶಾಲೆಯ ಸಂಗೀತದ ಕೋಣೆಯಲ್ಲಿ ಪ್ರಾಕ್ಟೀಸು, ಅದಕ್ಕೇ ಮೊದಲು ಇಟ್ಟುಕೊಂಡ ಹೆಸರು 'ಆನ್ ಎ ಫ್ರೈಡೇ'. ಆಮೇಲೆ ಕಾಲೇಜಿಗೆ ಅಂತ ಬೇರೆ ಬೇರೆ ಊರಿಗೆ ಹೋದರೂ ರಜೆಗೆ ಬಂದು ಸೇರಿ ಬಾರಿಸುತ್ತಿದ್ದರು. 1991ರಲ್ಲಿ ಕಂಪನಿಯ ಜೊತೆ ಕರಾರಾದಾಗ ಹೆಸರು ಬದಲಾಯಿತು. 1997ರ 'ಓಕೆ ಕಂಪ್ಯೂಟರ್' ಆಲ್ಬಮ್ಮಿನ ಹೊತ್ತಿಗೆ ಲೋಕವೆಲ್ಲ ಗೊತ್ತಿರುವ ಬ್ಯಾಂಡು. ಶಾಲೆಯ ಅದೇ ಐದು ಜನ 40 ವರ್ಷದಿಂದ ಹಾಗೇ ಇದ್ದಾರೆ. ಅಣ್ಣತಮ್ಮಂದಿರು ಹಿಸ್ಸೆಯಾಗದೆ ಇಷ್ಟು ವರ್ಷ ಇರುವುದು ನಮ್ಮ ಕಡೆ ತೋಟದ ಮನೆಗಳಲ್ಲೂ ಕಷ್ಟ.

2018ರ ಮೇಲೆ ಅವರು ಒಟ್ಟಿಗೆ ವೇದಿಕೆ ಹತ್ತಿರಲಿಲ್ಲ. 2025ರ ನವೆಂಬರ್ 4ಕ್ಕೆ ಮ್ಯಾಡ್ರಿಡ್‌ನಲ್ಲಿ ಮತ್ತೆ ನಿಂತರು. ಐದು ಊರು, ಊರಿಗೆ ನಾಲ್ಕು ರಾತ್ರಿ. ಹೊಸ ಆಲ್ಬಂ ಏನೂ ಇಲ್ಲ, ಕೊನೆಯದು ಬಂದದ್ದೇ 2016ರಲ್ಲಿ. ಇದ್ದ ಹಾಡುಗಳನ್ನೇ ಹಾಡಿದರು. ಕೋಪನ್‌ಹೇಗನ್‌ನಲ್ಲಿ ಗಾಯಕನಿಗೆ ಗಂಟಲಿನ ಸೋಂಕಾಗಿ ಎರಡು ದಿನದ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಆ ಸುದ್ದಿ ಓದಿ ನಾನು ಮೊದಲು ಯೋಚಿಸಿದ್ದು ಆ್ಯಂಟಿಬಯಾಟಿಕ್ ಕೊಟ್ಟರೋ ಇಲ್ಲವೋ ಅಂತ. ಏನು ಮಾಡೋದು, ನರ್ಸ್ ಬುದ್ಧಿ.

ಅಣ್ಣನಿಗೆ ಲಂಡನ್ನಿನ ಟಿಕೆಟ್ ಸಿಗಲಿಲ್ಲ. ಒಂದು ರಾತ್ರಿ ಚಹಾ ಕುಡಿಯುತ್ತಾ ಹೇಳಿದರು: "ನಮ್ಮದೂ ಇದೇ ಜಿಲ್ಲೆಯ ಶಾಲೆ, ಇದೇ ಕಾಲದ ಬ್ಯಾಂಡು. ಅವರದು ಶುಕ್ರವಾರ, ನಮ್ಮದು ಬುಧವಾರ. ವ್ಯತ್ಯಾಸ ಇಷ್ಟೇ." ಹೇಳಿ ಜೋರಾಗಿ ನಕ್ಕರು. ಆಮೇಲೆ ಮೆಲ್ಲಗೆ, "ಜನವರಿಯಲ್ಲಿ ನಾವೂ ಬಾರಿಸ್ತಿದೀವಿ, ಬರ್ತೀಯಾ?" ಅಂದರು.

ಹಾಗೆ ನಾನು ಹೋದ ಶನಿವಾರ ಹೋದೆ. ಪಬ್ಬಿನ ಹಿಂದುಗಡೆ ಒಂದು ಹಾಲು, ನಮ್ಮೂರ ಸೊಸೈಟಿ ಕಟ್ಟಡದ ಮೀಟಿಂಗ್ ರೂಮಿನಷ್ಟು. ಜನ ಸುಮಾರು ಅರವತ್ತು. ಹೆಂಡತಿ ಮಕ್ಕಳು, ಅಕ್ಕಪಕ್ಕದವರು, ನಮ್ಮ ಆಸ್ಪತ್ರೆಯ ಒಂದು ಡಜನ್ ಜನ, ಗಾಲಿಕುರ್ಚಿಯಲ್ಲಿ ಅವರ ಹಳೆಯ ಮೇಷ್ಟರೊಬ್ಬರು. ವೇದಿಕೆ ಅಂತ ಇದ್ದದ್ದು ಒಂದು ಗೇಣು ಎತ್ತರದ ಹಲಗೆ. ಅಣ್ಣ ಗಿಟಾರು ಮತ್ತು ಹಾಡು. ಡ್ರಮ್ಸಿಗೆ ಶಾಲಾ ಬಸ್ಸಿನ ಡ್ರೈವರು, ಎರಡೂ ಕಿವಿಗೆ ಹಿಯರಿಂಗ್ ಏಡ್. ಕೀಬೋರ್ಡಿಗೆ ಹಲ್ಲಿನ ಡಾಕ್ಟರ ರಿಸೆಪ್ಶನ್ನಿನಲ್ಲಿ ಕೆಲಸ ಮಾಡುವ ಹೆಂಗಸು. ಬೇಸ್ ಗಿಟಾರಿಗೆ ಎಲೆಕ್ಟ್ರಿಷಿಯನ್ ಒಬ್ಬರು, ಈಗ ಕೆಲಸಕ್ಕೆ ಹೋಗುತ್ತಿಲ್ಲ. ಅವರೊಬ್ಬರೇ ಕುರ್ಚಿಯಲ್ಲಿ ಕೂತಿದ್ದರು.

ಅವರನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಎಡಗೈ ಮಡಿಲಿಗೆ ಇಳಿಬಿದ್ದಿದ್ದ ರೀತಿ, ಎಡಗಾಲಿನ ಬೂಟಿನೊಳಗಿನ ಪಟ್ಟಿ. ಸ್ಟ್ರೋಕ್. ಆಗಿ ಎರಡು ವರ್ಷವಾಯಿತಂತೆ, ಬೇರೆ ಊರಿನ ಆಸ್ಪತ್ರೆಯಲ್ಲಿದ್ದರಂತೆ. (ಅವರ ವಿಷಯ ಬರೆಯಬಹುದಾ ಅಂತ ಅವರನ್ನೇ ಕೇಳಿದೆ. "ಯಾವ ಭಾಷೆ? ನನಗೆ ಓದಕ್ಕೆ ಬರಲ್ವಲ್ಲ, ಹಂಗಾದ್ರೆ ಬರಿ" ಅಂದರು.) ಬೇಸ್ ಗಿಟಾರಿನಲ್ಲಿ ಬಲಗೈ ತಂತಿ ಮೀಟುತ್ತೆ, ಎಡಗೈ ಬೆರಳು ತಂತಿ ಒತ್ತಿ ಸ್ವರ ಹುಟ್ಟಿಸುತ್ತೆ. ಎಡಗೈ ಬೆರಳು ಆಡದಿದ್ದರೆ ಆಟ ಮುಗಿದ ಹಾಗೇ. ಇನ್ನೇನು ಮಾಡಿಯಾರು, ಪಾಪ, ಫೋಟೋಕ್ಕೆ ಕೂರಿಸಿರಬೇಕು ಅಂದುಕೊಂಡೆ.

ಹಾಡು ಶುರುವಾಯಿತು, ಬೇಸ್ ಗುಂಯ್ ಅಂತ ಎದೆಗೆ ಬಡಿಯಿತು. ಆ ಮನುಷ್ಯನೇ ಬಾರಿಸುತ್ತಿದ್ದಾರೆ!

ಮಧ್ಯೆ ಬಿಡುವಿನಲ್ಲಿ ಅಣ್ಣನನ್ನು ಹಿಡಿದು ಕೇಳಿದೆ. ಅವರು ಒಂದು ಬೀರ್ ಬಿಲ್ಲೆಯ ಮೇಲೆ ಪೆನ್ನಲ್ಲಿ ಬರೆದು ತೋರಿಸಿದರು. ಬೇಸ್ ಗಿಟಾರಿಗೆ ನಾಲ್ಕು ತಂತಿ. ಒತ್ತದೆ ಹಾಗೇ ಮೀಟಿದರೆ ಬರುವ ಸ್ವರ ಇ, ಎ, ಡಿ, ಜಿ. ಅವರ ಹಳೆಯ ಹಾಡುಗಳೆಲ್ಲ ಸಾಮಾನ್ಯ ಮೂರೇ ಸ್ವರಗಳ ಮೇಲೆ ನಿಂತವು. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ಸ, ಮ, ಪ. ಮೊದಲು ಸಿ ಶ್ರುತಿಯಲ್ಲಿ ಹಾಡುತ್ತಿದ್ದರಂತೆ. ಅದನ್ನು ಎಗೆ ಇಳಿಸಿದರೆ ಸ, ಮ, ಪ ಮೂರೂ ಎ, ಡಿ, ಇ ಆಗುತ್ತವೆ. ಮೂರೂ ಖಾಲಿ ತಂತಿಯಲ್ಲೇ ಸಿಗುತ್ತವೆ! ಎಡಗೈ ಬೆರಳು ಬೇಡವೇ ಬೇಡ. ಖಾಲಿ ತಂತಿಯದೊಂದು ತೊಂದರೆ ಏನಂದ್ರೆ, ಮೀಟಿದ ಮೇಲೆ ನಿಲ್ಲದೆ ಗುಂಯ್‌ಗುಡುತ್ತಲೇ ಇರುತ್ತೆ. ಅದನ್ನು ನಿಲ್ಲಿಸೋಕೆ ಅದೇ ಎಡಗೈ. ಬೆರಳು ಬಿಡಿಬಿಡಿಯಾಗಿ ಆಡಲ್ಲ, ಆದರೆ ಭುಜದಿಂದ ಎತ್ತಿ ಇಡೀ ಅಂಗೈಯನ್ನು ತಂತಿಗಳ ಮೇಲೆ ಒರಗಿಸಬಹುದು. ಅದನ್ನು ಕಲಿಯೋಕೆ ಸೆಪ್ಟೆಂಬರಿನಿಂದ ನಾಲ್ಕು ತಿಂಗಳು ಹಿಡಿಯಿತಂತೆ, ಪ್ರತಿ ಬುಧವಾರ, ಅವರ ಮನೆ ಗ್ಯಾರೇಜಿನಲ್ಲಿ.

"ನನಗೂ ಒಳ್ಳೇದೇ ಆಯ್ತು, ಆ ಸಿ ನನ್ನ ಗಂಟಲಿಗೆ ಎಲ್ಲಿ ಹತ್ತುತ್ತೆ ಈಗ?" ಅಂದರು ಅಣ್ಣ.

ನಾನು ನರ್ಸಾಗಿ ಇಪ್ಪತ್ತು ವರ್ಷದ ಹತ್ತಿರ ಆಯಿತು. ಸ್ಟ್ರೋಕಾದವರ ಕೈಗೆ ಸ್ಪಂಜಿನ ಚೆಂಡು ಕೊಟ್ಟು "ಒತ್ತಿ, ಇನ್ನೊಂದ್ಸಲ ಒತ್ತಿ" ಅಂತ ಎಷ್ಟು ಸಲ ಹೇಳಿದ್ದೀನೋ. ಮೂರನೇ ದಿನಕ್ಕೆ ಚೆಂಡು ಮಂಚದ ಕೆಳಗಿರುತ್ತೆ. ಅವರದ್ದೇನು ತಪ್ಪು? ಚೆಂಡು ಒತ್ತಿದರೆ ಯಾರೂ ಕಾಯುತ್ತಿರಲ್ಲ. ಇಲ್ಲಿ ಈ ಮನುಷ್ಯ ಕೈ ಇಡದಿದ್ದರೆ ಮೂರು ಜನರ ಹಾಡು ಕೆಡುತ್ತೆ.

ಆ ರಾತ್ರಿ ಹಾಡಿದ್ದು ಹತ್ತೋ ಹನ್ನೊಂದೋ ಹಾಡು, ಅದರಲ್ಲಿ ಆರು ಅವರದೇ, ಹದಿನಾರನೇ ವಯಸ್ಸಿನಲ್ಲಿ ಬರೆದದ್ದು. ಒಂದನ್ನು ಹೇಳಲೇಬೇಕು. ಈ ಹಾಳು ಊರು ಬಿಟ್ಟು ಹೋಗ್ತೀನಿ, ತಿರುಗಿ ನೋಡಲ್ಲ ಅನ್ನೋ ಅರ್ಥದ ಹಾಡು. ಶುರು ಮಾಡುವ ಮುಂಚೆ ಅಣ್ಣ ಮೈಕಿನಲ್ಲಿ ಹೇಳಿದರು: "ಇದನ್ನು ಬರೆದಾಗ ನನ್ನ ಮನೆ ಈ ಬೀದಿಯ ಆ ತುದಿಯಲ್ಲಿತ್ತು. ಈಗ ಈ ತುದಿಗೆ ಬಂದಿದೀನಿ." ಹಾಲೆಲ್ಲ ನಗು. ನಾನೂ ನಕ್ಕೆ. ಹಾಡು ಅರ್ಧಕ್ಕೆ ಬಂದಾಗ ನನಗೇ ಯಾಕೋ ಗಂಟಲು ಕಟ್ಟಿತು. ಆ ಹಾಲಿನಲ್ಲಿ ನಿಜವಾಗಿ ಊರು ಬಿಟ್ಟು ಬಂದವಳು ನಾನೊಬ್ಬಳೇ ಇದ್ದೆ ಅನ್ಸುತ್ತೆ.

ಈಗ ವಾದ. ನಮ್ಮ ಭಾವ ಮೊನ್ನೆ ವೀಡಿಯೋ ಕಾಲಿನಲ್ಲಿ ಈ ಕಥೆ ಕೇಳಿ, "ಹಳೇದನ್ನ ಅಗೀತಾ ಕೂರೋದು, ದುಡ್ಡಿನ ದಂಧೆ" ಅಂದರು. ದೊಡ್ಡ ಬ್ಯಾಂಡುಗಳ ವಿಷಯದಲ್ಲಿ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಳೆದ ವರ್ಷ ಒಯಾಸಿಸ್ ಅನ್ನುವ ಇನ್ನೊಂದು ಬ್ಯಾಂಡು, ಅದರಲ್ಲೂ ಅಣ್ಣ ತಮ್ಮ ಇದ್ದಾರೆ, 2009ರಲ್ಲಿ ಜಗಳವಾಡಿ ಮುರಿದುಕೊಂಡವರು, 2025ರ ಜುಲೈನಲ್ಲಿ ಕಾರ್ಡಿಫ್‌ನಲ್ಲಿ ಮತ್ತೆ ಸೇರಿದರು. ಟಿಕೆಟ್ ಮಾರಾಟದ ದಿನ ಜನ ಆನ್‌ಲೈನ್ ಸಾಲಿನಲ್ಲಿ ಕಾಯುತ್ತಿದ್ದಾಗಲೇ ಬೆಲೆ ಏರಿಸಿದರು ಅಂತ ಇಲ್ಲಿ ದೊಡ್ಡ ಗಲಾಟೆ ಆಗಿತ್ತು. ದುಡ್ಡು ಇದೆ, ಸರಿ. ಆದರೆ ಪಬ್ಬಿನ ಹಿಂದಿನ ಹಾಲಿನಲ್ಲಿ ಯಾವ ದುಡ್ಡು? ಪ್ರವೇಶ ಉಚಿತ, ಬಾಗಿಲಲ್ಲಿ ಒಂದು ಬಕೆಟ್ ಇಟ್ಟಿದ್ದರು. ಬಾಡಿಗೆ ಸ್ಪೀಕರಿನ ಖರ್ಚು ಹುಟ್ಟಿತೋ ಇಲ್ಲವೋ.

ನನಗೂ ಕೆಲವು ಪುನರ್ಮಿಲನ ಹಿಡಿಸಲ್ಲ. ಐವತ್ತೈದು ವರ್ಷದವರು ಹದಿನಾರು ವರ್ಷದವರ ಹಾಗೆ ಬಿಗಿ ಪ್ಯಾಂಟು, ವಿಗ್ಗು ಹಾಕಿಕೊಂಡು, ಹತ್ತದ ಶ್ರುತಿಯಲ್ಲಿ ಕಿರುಚಿ, ಏನೂ ಆಗಿಲ್ಲ ಅನ್ನೋ ಹಾಗೆ ನಟಿಸೋದು ನೋಡಕ್ಕಾಗಲ್ಲ. ಆ ರಾತ್ರಿ ನಾನು ನೋಡಿದ್ದು ಅದಲ್ಲ. ಅವರು ಹಾಡನ್ನು ಈಗಿನ ಮೈಗೆ ತಕ್ಕ ಹಾಗೆ ಇಳಿಸಿಕೊಂಡಿದ್ದರು. ನನಗೆ ಇದು ಮುಖ್ಯ ಅನ್ಸುತ್ತೆ. ರೇಡಿಯೋಹೆಡ್‌ನವರೂ ತಮಗೆ ಹೆಸರು ತಂದುಕೊಟ್ಟ 'ಕ್ರೀಪ್' ಹಾಡನ್ನು ಬೇಸರ ಬಂದು ವರ್ಷಗಟ್ಟಲೆ ಹಾಡದೇ ಬಿಟ್ಟಿದ್ದರು, ಆಮೇಲೆ ಮನಸ್ಸು ಬಂದಾಗ ಎತ್ತಿಕೊಂಡರು. ಹಾಡು ಅವರದು, ಯಾವಾಗ ಹೇಗೆ ಹಾಡಬೇಕು ಅನ್ನೋದೂ ಅವರದೇ.

ಇನ್ನೊಂದು ವಿಷಯ, ಇದು ನನ್ನ ಕೆಲಸದಿಂದ ಗೊತ್ತಿರೋದು. ವಯಸ್ಸಾದವರಿಗೆ ಯಾವ ಕಾಲ ಹೆಚ್ಚು ನೆನಪಿರುತ್ತೆ ಅಂತ ನೋಡಿದವರು ಹೇಳೋದು, ಸುಮಾರು ಹತ್ತರಿಂದ ಮೂವತ್ತರ ಒಳಗಿನದು ಅಂತ. ಮರೆವಿನ ಕಾಯಿಲೆಯವರ ಬಳಿ ನಾನು ವಾರಕ್ಕೊಮ್ಮೆಯಾದರೂ ಇದನ್ನು ನೋಡ್ತೀನಿ. ಮಗಳ ಹೆಸರು ಹೇಳಲಾಗದವರು ರೇಡಿಯೋದಲ್ಲಿ ಹಳೆಯ ಹಾಡು ಬಂದರೆ ಪಲ್ಲವಿ ಚರಣ ಎರಡನ್ನೂ ಹಾಡಿಬಿಡುತ್ತಾರೆ. ನಾವೆಲ್ಲ ಮುಂದೊಂದು ದಿನ ಆ ಮಂಚದಲ್ಲಿ ಇರೋರೇ. ಆಗ ಬಾಯಿಗೆ ಬರೋದು ನಿನ್ನೆ ಮೊನ್ನೆ ಫೋನಿನಲ್ಲಿ ಕೇಳಿದ್ದಾಗಿರಲ್ಲ.

ಇಲ್ಲಿಂದ ನಮ್ಮ ಸಾಗರಕ್ಕೆ ಬರ್ತೀನಿ. ಬ್ಯಾಚಿನವರು ಗಮನ ಕೊಡಿ.

ಮೇ ತಿಂಗಳಲ್ಲಿ ಗುರುವಂದನೆ ಇಟ್ಟುಕೊಂಡಿದೀವಿ. ಒಳ್ಳೇದು. ಗ್ರೂಪಿನಲ್ಲಿ ಬಂದ ಪಟ್ಟಿ ನೋಡಿದೆ: ಸ್ವಾಗತ, ದೀಪ ಬೆಳಗೋದು, ಗಣ್ಯರ ಭಾಷಣ, ಹದಿನಾಲ್ಕು ಮೇಷ್ಟ್ರಿಗೆ ಶಾಲು ಹಣ್ಣಿನ ಬುಟ್ಟಿ, ಮತ್ತೆ ಭಾಷಣ, ಊಟ, ಗ್ರೂಪ್ ಫೋಟೋ. ಡಿಸೆಂಬರಿನಲ್ಲಿ ಯಾರೋ ಒಬ್ಬರು, "ನಮ್ಮ ಐದು ಹುಡುಗೀರ ತಂಡದ ಕೈಲಿ ಹಾಡಿಸೋಣ" ಅಂದಿದ್ದರು. ಆಗಸ್ಟ್ 15ಕ್ಕೆ, ರಾಜ್ಯೋತ್ಸವಕ್ಕೆ, ಗಣಪತಿ ಕೂರಿಸಿದಾಗ, ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದಾಗ, ಎಲ್ಲದಕ್ಕೂ ನಾವೇ ಹಾಡುತ್ತಿದ್ದದ್ದು ಮರೆತಿರಲಿಕ್ಕಿಲ್ಲ. ಅದಕ್ಕೆ ಒಬ್ಬ ಮಹಾನುಭಾವ, "ಈ ವಯಸ್ಸಲ್ಲಿ ಕಾಗೆ ಸಂಗೀತ ಯಾಕ್ರೇ" ಅಂತ ಹಾಕಿ ನಾಲ್ಕು ನಗುವ ಮುಖ ಅಂಟಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಏಳನೇ ಕ್ಲಾಸಿನಿಂದ ಅವನು ಹಾಗೇ.

ಸಿಟ್ಟು ನನ್ನ ಮೇಲೆ. ಅದರ ಕೆಳಗೆ ನಾನು ಬರೆದದ್ದು: "ಶಿವಮೊಗ್ಗದಿಂದ ಒಳ್ಳೇ ಆರ್ಕೆಸ್ಟ್ರಾ ಕರೆಸಿ, ಖರ್ಚು ನನ್ನದು." ಹದಿನೇಳು ಜನ ಹೆಬ್ಬೆರಳು ಒತ್ತಿದರು. ಫಾರಿನ್ನಿಂದ ದುಡ್ಡು ಕಳಿಸೋದು ನನಗೆ ಸುಲಭ, ಬಂದು ನಿಂತು ಹಾಡೋದು ಕಷ್ಟ, ಅಷ್ಟೇ ವಿಷಯ. ಮಾರನೇ ದಿನ ನಮ್ಮ ತಂಡದಲ್ಲಿ ಮೊದಲ ಸಾಲು ಎತ್ತುತ್ತಿದ್ದವಳು ಗ್ರೂಪ್ ಬಿಟ್ಟಳು. ಅಡಿಕೆ ಸುಲಿಯೋ ಸಮಯ, ಬಿಜಿ ಇರಬೇಕು ಅಂತ ನಾನು ನನ್ನನ್ನೇ ನಂಬಿಸಿಕೊಂಡೆ.

ಪಬ್ಬಿನಿಂದ ಬಂದ ಮಾರನೇ ದಿನ, ಭಾನುವಾರ, ಅವಳಿಗೆ ಫೋನ್ ಮಾಡಿದೆ. ಒಂದು ಗಂಟೆ ಹತ್ತು ನಿಮಿಷ ಮಾತಾಡಿದೆವು. ನಾಲ್ಕು ವರ್ಷದ ಹಿಂದೆ ಅವಳಿಗೆ ಥೈರಾಯ್ಡ್ ಆಪರೇಶನ್ ಆಗಿತ್ತು. ನನಗೆ ಗೊತ್ತಿತ್ತು, "ಗೆಟ್ ವೆಲ್ ಸೂನ್" ಅಂತ ಹೂವಿನ ಚಿತ್ರ ಕಳಿಸಿದ್ದೆ ಕೂಡ. ಆಮೇಲೆ ಮೇಲಿನ ಸ್ವರ ಹೊರಡೋದೇ ಇಲ್ಲ ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ. ಥೈರಾಯ್ಡ್ ಗ್ರಂಥಿಯ ಪಕ್ಕದಲ್ಲೇ ಗಂಟಲಿನ ತಂತುಗಳಿಗೆ ಹೋಗುವ ನರಗಳಿರುತ್ತವೆ. ಅದರಲ್ಲೊಂದು ಸಣ್ಣ ನರದ ಕೆಲಸ ತಂತುವನ್ನು ಬಿಗಿ ಹಿಡಿಯೋದು. ಅದಕ್ಕೆ ಪೆಟ್ಟಾದರೆ ಮಾತು ಹೆಚ್ಚೂ ಕಮ್ಮಿ ಮೊದಲಿನ ಹಾಗೇ ಇರುತ್ತೆ, ತಾರಸ್ಥಾಯಿ ಮಾತ್ರ ಹೋಗುತ್ತೆ. ಮಾತು ಸರಿಯಿದೆಯಲ್ಲ ಅಂತ ಯಾರೂ ಕೇಳಲ್ಲ. ಅವಳೂ ಯಾರಿಗೂ ಹೇಳಿಲ್ಲ. ಮನೇಲಿ ದೇವರ ಮುಂದೆ ಹಾಡೋದನ್ನೂ ಬಿಟ್ಟಿದ್ದಾಳೆ. ಗ್ರೂಪಿನಲ್ಲಿ ಕಾಗೆ ಅನ್ನೋ ಪದ ನೋಡಿದ ಮೇಲೆ ನನ್ನ ಆರ್ಕೆಸ್ಟ್ರಾ ನೋಡಿದಳು.

ಕ್ಷಮೆ ಕೇಳಿದೆ. ಅವಳು "ಬಿಡೇ ಮಾರಾಯ್ತಿ" ಅಂದಳು. ಆ ಬಿಡೇ ಮಾರಾಯ್ತಿ ಎಷ್ಟು ದೂರದಿಂದ ಬಂತು ಅಂದರೆ, ಆಕ್ಸ್‌ಫರ್ಡ್‌ಗೂ ಸಾಗರಕ್ಕೂ ಇರೋದಕ್ಕಿಂತ ಜಾಸ್ತಿ.

ಆಮೇಲೆ ಅವಳಿಗೆ ಬೇಸ್ ಗಿಟಾರಿನ ಕಥೆ ಹೇಳಿದೆ. ಸ, ಮ, ಪ ಅಂದ ಕೂಡಲೇ ಅವಳಿಗೆ ಅರ್ಥವಾಯಿತು, ನನಗಿಂತ ಬೇಗ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಹಾಡ್ತಿದ್ದದ್ದು ಬಿಳಿ ಐದರಲ್ಲಿ ಅಲ್ವಾ?" ಅಂದಳು. ಹೌದು ಅಂದೆ. "ಬಿಳಿ ಎರಡಕ್ಕೆ ಇಳಿಸಿದ್ರೆ ಗಂಡಸರ ಹಾಗೆ ಕೇಳುತ್ತೆ" ಅಂದಳು. ಕೇಳಲಿ ಅಂದೆ. ಈ ವಿಷಯ ಇಲ್ಲಿ ಬರೀಲಾ ಅಂತ ಕೇಳಿದೆ. "ಬರಿ. ಆದ್ರೆ ನಾನು ಹಾಡ್ತೀನಿ ಅಂತ ಮಾತ್ರ ಬರೀಬೇಡ" ಅಂದಳು. ಹಾಗಾಗಿ ಬರೆದಿಲ್ಲ.

ಬ್ಯಾಚಿನವರಿಗೆ ನನ್ನ ಮಾತು ಇಷ್ಟು. ಆರ್ಕೆಸ್ಟ್ರಾ ಬೇಡ, ನನ್ನ ಮಾತು ವಾಪಸ್ ತಗೊಂಡಿದೀನಿ. ಆ ದುಡ್ಡು ಊಟಕ್ಕೆ ಹಾಕಿ. ಶಿವಮೊಗ್ಗದವರು ಎಷ್ಟು ಚೆನ್ನಾಗಿ ಹಾಡಿದರೂ ನಮ್ಮ ಕನ್ನಡ ಮೇಷ್ಟ್ರ ಹಾಡು ಅವರಿಗೆ ಬರಲ್ಲ. ನೆನಪಿದೆಯಾ ಯಾರಿಗಾದರೂ? ಮೇಷ್ಟ್ರೇ ಬರೆದು, ಅವರೇ ಹಾರ್ಮೋನಿಯಂ ಇಟ್ಟುಕೊಂಡು ರಾಗ ಕೂರಿಸಿ ನಮ್ಮ ಐವರಿಗೆ ಕಲಿಸಿದ್ದು, 1998ರ ರಾಜ್ಯೋತ್ಸವಕ್ಕೆ. ಮುಳುಗಿದ ಊರಿನ ಹಾಡು. ಶರಾವತಿಗೆ ಲಿಂಗನಮಕ್ಕಿ ಕಟ್ಟಿ 1964ರಲ್ಲಿ ನೀರು ನಿಂತಾಗ ಮೇಷ್ಟ್ರ ಊರು, ಮನೆ, ತೋಟ ಎಲ್ಲ ಹಿನ್ನೀರಿನಡಿ ಹೋಯಿತು. ಆಗ ಅವರಿಗೂ ನಮ್ಮಷ್ಟೇ ವಯಸ್ಸು ಇದ್ದಿರಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಮರದ ಬುಡಗಳು ಕಾಣೋದರ ಬಗ್ಗೆ ಒಂದು ಚರಣ ಇತ್ತು. ಅದನ್ನು ಹಾಡುವಾಗ ನಾವು ಐವರೂ ಕಿಸಕ್ಕಂತ ನಗುತ್ತಿದ್ದೆವು, ಯಾಕೆ ಅಂತ ಈಗ ನೆನಪಿಲ್ಲ, ಯಾವುದೋ ಪದ ತಮಾಷೆಯಾಗಿ ಕೇಳಿಸುತ್ತಿತ್ತು. ಮೇಷ್ಟ್ರು ಬೈಯಲಿಲ್ಲ. ಹಾರ್ಮೋನಿಯಂ ನಿಲ್ಲಿಸಿ, ನಮ್ಮ ನಗು ಮುಗಿಯೋ ತನಕ ಕಿಟಕಿ ಆಚೆ ನೋಡುತ್ತಾ ಕೂತಿದ್ದರು.

ಆ ಹಾಡಿನ ಕ್ಯಾಸೆಟ್ ಇಲ್ಲ, ಅಚ್ಚಾಗಿಲ್ಲ. ಇರೋದು ನಮ್ಮ ಐದು ಜನರ ತಲೆಯಲ್ಲಿ ಮಾತ್ರ. ಮೇಷ್ಟ್ರಿಗೆ ಶಾಲು ಎಷ್ಟು ಬಂದಿದೆಯೋ, ಬೀರು ತುಂಬಿರಬೇಕು.

ನನಗೆ ಮೇ 4ರಿಂದ ರಜಾ ಸಿಕ್ಕಿದೆ, ನಿನ್ನೆ ಟಿಕೆಟ್ ಮಾಡಿಸಿದೆ. ಕಾರ್ಯಕ್ರಮಕ್ಕೆ ಹತ್ತು ದಿನ ಮುಂಚೆ ಬರ್ತೀನಿ. ತಂಡದ ಉಳಿದ ಮೂವರೂ ಒಪ್ಪಿದಾರೆ. ಒಬ್ಬಳಿಗೆ ಮಂಡಿ ನೋವು, ನಿಂತು ಹಾಡೋಕಾಗಲ್ಲ ಅಂದಳು, ಎಲ್ಲರೂ ಕೂತೇ ಹಾಡೋಣ. ಹಾರ್ಮೋನಿಯಂ ಯಾರ ಮನೆಯಲ್ಲಾದರೂ ಚಾಲ್ತಿಯಲ್ಲಿದ್ದರೆ ತಿಳಿಸಿ, ಗಾಳಿ ಸೋರಿದರೂ ಪರವಾಗಿಲ್ಲ, ಬರುವಾಗ ಟೇಪು ತರ್ತೀನಿ.

ನಾವು ನಾಲ್ಕು ಜನ ಸೇರಿ ಪಲ್ಲವಿ, ಮೊದಲೆರಡು ಚರಣ ಜೋಡಿಸಿದೆವು. ಮೂರನೇದು ಪೂರ್ತಿ ಬರುತ್ತಿಲ್ಲ. ಐದನೆಯವಳಿಗೆ ಬರುತ್ತೆ ಅಂತ ನನಗೆ ಗೊತ್ತು, ಫೋನಿನಲ್ಲಿ ಕೇಳಿದರೆ ಮಾತು ಮರೆಸಿದಳು. ಅಲ್ಲೀವರೆಗೆ ನಿಮ್ಮಲ್ಲಿ ಯಾರಿಗಾದರೂ, ಆ ವರ್ಷ ಸಭೆಯಲ್ಲಿ ಕೂತು ಕೇಳಿದವರಿಗೆ, ಒಂದು ಸಾಲು ನೆನಪಿದ್ದರೂ ಇನ್‌ಬಾಕ್ಸಿಗೆ ಕಳಿಸಿ. ಇಲ್ಲಿ ಕಾಮೆಂಟಿನಲ್ಲಿ ಹಾಕಬೇಡಿ, ಮೇಷ್ಟ್ರ ಮಗ ನನ್ನ ಲಿಸ್ಟಿನಲ್ಲಿದ್ದಾನೆ.